ಈಗಷ್ಟೇ ಆದದ್ದು

ಟೈಲರಮ್ಮನ ಗಂಡನ ಬಾಯಿ ಆ ದಿನ ಹಾಸಿಗೆಯಿಂದ ಏಳುವಾಗಲೇ ಸೊಟ್ಟಗಾಗಿತ್ತು. ಬಲಗೈ ಮೇಲೇಳಲಿಲ್ಲ, ಮಾತು ಹೊರಡಲಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದ್ದಕ್ಕೆ ಜೋಮು ಹಿಡಿದಿರಬೇಕು ಅಂದುಕೊಂಡು ಆಕೆ ಕೈ ತಿಕ್ಕುತ್ತಾ ಕೂತಳು, ಪುಣ್ಯಾತ್ಗಿತ್ತಿ! ಊರಿನ ಆಸ್ಪತ್ರೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ಬಾಗಿಲ ಕಾವಲುಗಾರನಿಗೆ ಉಪದೇಶ ಕೊಡುವುದೆಂದರೆ ಪಂಚಪ್ರಾಣ. "ಬೆಳಿಗ್ಗೆಯಿಂದ ಹೀಗಿದೆ ಅಂದ್ರೆ ಹೆಪ್ಪುಗಟ್ಟಿದ ರಕ್ತ ಕರಗಿಸೋ ಆ ದೊಡ್ಡ ಇಂಜೆಕ್ಷನ್ ಕೊಡಲ್ಲಕ್ಕಾ. ಈಗಷ್ಟೇ ಆಯ್ತು ಅನ್ನಿ. ಇಲ್ಲಿ ಎಲ್ರೂ ಹಾಗೇ ಹೇಳೋದು," ಎಂದ.

ಒಳಗೆ ನರರೋಗದ ಡಾಕ್ಟರು ಇರಲಿಲ್ಲ. ಅವರು ದೂರದ ದೊಡ್ಡಾಸ್ಪತ್ರೆಯಲ್ಲಿ. ಇಲ್ಲಿ ಗೋಡೆಯ ಪರದೆಯ ಮೇಲೆ ಮುಖ ಮಾತ್ರ. ಜ್ವರ, ಹೆರಿಗೆ, ಮುರಿದ ಕಾಲು ಎಲ್ಲವನ್ನೂ ನೋಡುವ ಚಿಕ್ಕ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಆ ಮುಖಕ್ಕೆ ತೋರಿಸಿದರು. ಸದ್ಯ, ತಲೆಯೊಳಗೆ ರಕ್ತ ಸೋರಿರಲಿಲ್ಲ.

"ಶುರುವಾಗಿದ್ದು ಯಾವಾಗ?" ಪರದೆಯಿಂದ ಪ್ರಶ್ನೆ ಬಂತು.

"ಈಗಷ್ಟೇ. ಊಟಕ್ಕೆ ಕೂತಾಗ."

ಚಿಕ್ಕ ಡಾಕ್ಟರು ಅವಳತ್ತ ತಿರುಗಿದರು. "ಸರಿಯಾಗಿ ಯೋಚನೆ ಮಾಡಿ ಹೇಳಿ ಅಮ್ಮಾ. ಹೊತ್ತು ಮೀರಿದ್ರೆ ಇದೇ ಔಷಧಿಯಿಂದ ತಲೆಯೊಳಗೆ ರಕ್ತ ಸೋರುತ್ತೆ."

ಟೈಲರಮ್ಮನ ಎದೆ ಧಸಕ್ಕೆಂದಿತು. ಈಗ ಮಾತು ಬದಲಿಸಿದರೆ ಸುಳ್ಳುಗಾತಿ ಎಂದು ಹೊರಗೆ ಕಳಿಸಿಬಿಟ್ಟರೆ? ಆಮೇಲೆ ಇವರ ಗತಿ? "ಊಟಕ್ಕೆ ಕೂತಾಗಲೇ," ಎಂದಳು.

ಗಂಡನ ಎಡಗೈ ಅವಳ ಮುಂಗೈಯನ್ನು ಹಿಡಿಯಿತು, ಮೂಳೆ ನೋಯುವಷ್ಟು. ಕಣ್ಣರಳಿಸಿ ಅಲ್ಲ ಅಲ್ಲ ಎಂದು ತಲೆಯಾಡಿಸಿದ, ಗಂಟಲಿನಿಂದ ಬರೀ ಗೊರಗೊರ. ಮಾತು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ.

"ನೋಡ್ರೀ, ಹೆಂಡ್ತಿ ಕೈ ಬಿಡಕ್ಕೇ ಒಪ್ತಿಲ್ಲ ಯಜಮಾನ್ರು!" ನರ್ಸ್ ನಗುತ್ತಾ ಡ್ರಿಪ್ ಬಿಟ್ಟಳು.

ಹನಿ ಇಳಿಯತೊಡಗಿತು. ಅವನ ಹಿಡಿತ ಬಿಗಿಯುತ್ತಲೇ ಹೋಯಿತು. ಆ ಕಣ್ಣುಗಳನ್ನು ನೋಡಲಾರದೆ ಅವಳು ಸೀಸೆ ನೋಡಿದಳು, ಸೀಸೆ ನೋಡಲಾರದೆ ನೆಲ ನೋಡಿದಳು. ಬಾಯಿ ಬಿಟ್ಟರೂ ಕಷ್ಟ, ಬಿಡದಿದ್ದರೂ ಕಷ್ಟ ಎಂದು ಹೆಣಗಾಡಿ, ಕೊನೆಗೆ ತಡೆಯಲಾರದೆ ಕೂಗಿದಳು.

"ಡಾಕ್ಟ್ರೇ, ನಿಲ್ಸಿ! ನಾನು ಸುಳ್ಳು ಹೇಳ್ದೆ. ಬೆಳಿಗ್ಗೆ ಎದ್ದಾಗ್ಲೇ ಹೀಗಿದ್ರು!"

ಚಿಕ್ಕ ಡಾಕ್ಟರು ಓಡಿಬಂದು ಡ್ರಿಪ್ ಮುಚ್ಚಿದರು. "ಎಷ್ಟು ಹೋಗಿದೆ?" ಎಂದಿತು ಪರದೆಯ ಮುಖ. ನರ್ಸ್ ಸೀಸೆ ಎತ್ತಿ ತೋರಿಸಿದಳು. ತಳದಲ್ಲಿ ಒಂದಿಷ್ಟೇ ಉಳಿದಿತ್ತು.

"ಹೇಳ್ಬಿಟ್ಟೆ ಕಣ್ರೀ, ಹೇಳ್ಬಿಟ್ಟೆ," ಎನ್ನುತ್ತಾ ಅವಳು ಗಂಡನತ್ತ ಬಗ್ಗಿದಳು. ಅವನು ಒಮ್ಮೆ ವಾಂತಿ ಮಾಡಿಕೊಂಡ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಆಮೇಲೆ ಅವಳ ಮುಂಗೈಯಿಂದ ಅವನ ಬೆರಳುಗಳು ಒಂದೊಂದಾಗಿ ಸಡಿಲವಾದವು.