ಎಲ್ಲಕ್ಕಿಂತ ತಣ್ಣಗಿನ ಜಾಗ

ಔಷಧಿ ವ್ಯಾನು ಸೇತುವೆ ಕೆಳಗೆ ನಿಲ್ಲುವುದೇ ತಡ, ಸಿಸ್ಟರ್ ಬಾಯಿ ಶುರುವಾಗುತ್ತಿತ್ತು. "ಸಾಲಾಗಿ ನಿಲ್ರೋ, ಇಲ್ಲೇನು ಪುಕ್ಕಟೆ ಸಿನಿಮಾ ತೋರಿಸ್ತಿದೀವಾ?" ಬಾಯಿ ಜೋರು, ಕರುಳು ಬೆಣ್ಣೆ. ಇನ್ನು ದೊಡ್ಡಾಸ್ಪತ್ರೆಯ ಕಥೆ ಕೇಳಲೇಬೇಡಿ! ಅಲ್ಲಿ ಕಾಯಿಲೆಗಿಂತ ಮೊದಲು ವಿಳಾಸ ಕೇಳುತ್ತಾರೆ. ಸೇತುವೆ ಕೆಳಗಿನವರು ಯಾವ ವಿಳಾಸ ಕೊಡಬೇಕಂತೆ, ಕಂಬದ್ದಾ? ಅದಕ್ಕೇ ಹಟ ಹಿಡಿದು ಈ ವ್ಯಾನು ಹೊರಡಿಸಿದವಳು ಸಿಸ್ಟರ್.

ಅವಳ ಅಚ್ಚುಮೆಚ್ಚಿನ ರೋಗಿ ಕಂಬಳಿ ಅಜ್ಜಿ. ಸುಡುಬಿಸಿಲಲ್ಲೂ ಕಂಬಳಿ ಬಿಡದ ಜೀವ. ಸಕ್ಕರೆ ಕಾಯಿಲೆ, ಕಾಲ್ಬೆರಳಲ್ಲಿ ಮಾಯದ ಹುಣ್ಣು. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಸಿಸ್ಟರೇ ಪಕ್ಕದಲ್ಲಿ ಕೂತು ಕಲಿಸಿದ್ದಳು. ಆ ಔಷಧಿ ತಣ್ಣಗಿರಬೇಕು, ಅಜ್ಜಿಗೆಲ್ಲಿಯ ಫ್ರಿಜ್ಜು? ಎದುರಿನ ಐಸ್‌ಕ್ರೀಮ್ ಅಂಗಡಿಯಣ್ಣ, "ನನ್ನ ಹತ್ರ ಇರ್ಲಿ ಬಿಡಿ, ಅಜ್ಜಿ ಏನು ಬೇರೆಯವರಾ?" ಎಂದು ತಾನಾಗಿಯೇ ವಹಿಸಿಕೊಂಡಿದ್ದ.

ಆದರೂ ಸಕ್ಕರೆ ಇಳಿಯಲೊಲ್ಲದು. ವ್ಯಾನಿನ ಡಾಕ್ಟರು ಹುಣ್ಣು ನೋಡಿ, "ಮುಂದಿನ ಸಲಾನೂ ಹೀಗೇ ಇದ್ರೆ ಬೆರಳು ತೆಗೀಬೇಕಾಗುತ್ತೆ" ಎಂದುಬಿಟ್ಟರು.

ಸಿಸ್ಟರ್‌ಗೆ ಭಯವಾದರೆ ಬರುವುದು ಸಿಟ್ಟು. "ಅಜ್ಜಿ, ನಿಜ ಹೇಳು. ಚುಚ್ಕೊಳ್ತಾ ಇಲ್ಲ ತಾನೇ?"

"ನಿನ್ನಾಣೆ ಕಣೇ, ದಿನಾ ಚುಚ್ಕೊಳ್ತೀನಿ."

"ಬರೀ ಸುಳ್ಳು! ನನ್ನ ಕಣ್ಣಿಗೇ ಮಣ್ಣೆರಚ್ತೀಯಾ?"

ಅಜ್ಜಿ ಬಟ್ಟೆ ಸರಿಸಿ ಹೊಟ್ಟೆ ತೋರಿಸಿದಳು. ತುಂಬಾ ಸೂಜಿಯ ಗುರುತು. ಸಿಸ್ಟರ್ ನಾಲಿಗೆ ಕಚ್ಚಿಕೊಂಡಳು.

ಹಾಗಾದರೆ ಔಷಧಿಗೇ ಏನೋ ಆಗಿದೆ! ರಸ್ತೆ ದಾಟಿ ಅಂಗಡಿಗೆ ನುಗ್ಗಿದಳು. "ಅಣ್ಣಾ, ಅಜ್ಜಿ ಔಷಧಿ ಎಲ್ಲಿಟ್ಟಿದೀಯಾ?"

ಅಂಗಡಿಯಣ್ಣ ಹೆಮ್ಮೆಯಿಂದ ಫ್ರೀಜರಿನ ತಳಕ್ಕೆ ಕೈ ಹಾಕಿ ಪುಟ್ಟ ಸೀಸೆ ತೆಗೆದ. "ಎಲ್ಲಕ್ಕಿಂತ ತಣ್ಣಗಿರೋ ಜಾಗ ಅಜ್ಜಿಗೇ. ಬೆಳಗ್ಗೆ ಅಂಗೈಲಿ ಉಜ್ಜಿ, ಕರಗಿಸಿ ಕೊಡ್ತೀನಿ." ಸೀಸೆಯೊಳಗೆ ಔಷಧಿ ಕಲ್ಲಾಗಿತ್ತು.

"ಅಯ್ಯೋ ಪುಣ್ಯಾತ್ಮ! ಇದು ಹೆಪ್ಪುಗಟ್ಟಿದ್ರೆ ಕೆಲಸಕ್ಕೇ ಬರಲ್ಲ. ಇಷ್ಟು ದಿನ ಅಜ್ಜಿ ಚುಚ್ಕೊಂಡಿದ್ದು ಬರೀ ನೀರಿನ ಲೆಕ್ಕ!"

ಅವನ ಮುಖ ಬಿಳಿಚಿತು. "ಅಜ್ಜಿ ಬೆರಳು ಹೋಗೋದು ನನ್ನಿಂದ್ಲಾ?"

"ನಿನ್ನಿಂದಲ್ಲ ಕಣಣ್ಣ. ತಣ್ಣಗಿಡು ಅಂದೆ, ಎಷ್ಟು ತಣ್ಣಗೆ ಅಂತ ನಾನೇ ಹೇಳ್ಲಿಲ್ಲ."

ಅವತ್ತೇ ಹೊಸ ಸೀಸೆ ಬಂತು. ಅಂಗಡಿಯಣ್ಣ ತಂಪುಪಾನೀಯದ ಫ್ರಿಜ್ಜಿನಲ್ಲಿ ಒಂದು ಮೂಲೆ ಖಾಲಿ ಮಾಡಿ, ಯಾರೂ ಮುಟ್ಟಕೂಡದೆಂದು ಅಪ್ಪಣೆ ಹೊರಡಿಸಿದ. ಅಜ್ಜಿ ಮಾತ್ರ ಸಿಸ್ಟರ್ ಕಡೆ ಮುಖ ತಿರುಗಿಸಲಿಲ್ಲ.

ಮುಂದಿನ ಸಲ ವ್ಯಾನು ಬಂದಾಗ ಡಾಕ್ಟರು ಪಟ್ಟಿ ಬಿಚ್ಚಿ ನಕ್ಕರು. "ಸಕ್ಕರೆ ಇಳೀತಿದೆ, ಹೊಸ ಮಾಂಸ ಬರ್ತಿದೆ. ಬೆರಳು ಉಳಿಯುತ್ತೆ." ಅಂಗಡಿಯಣ್ಣ ಅಲ್ಲೇ ಕುಣಿದುಬಿಟ್ಟ. ಅಜ್ಜಿಯದು ಮಾತ್ರ ಅದೇ ಬಿಗಿದ ಮುಖ.

ಸಿಸ್ಟರ್ ನೆಲದ ಮೇಲೆ ಕೂತಳು. "ತಪ್ಪಾಯ್ತಜ್ಜಿ. ಬೆರಳು ಉಳೀತಲ್ಲ, ಇನ್ನೂ ಮುನಿಸಾ?"

"ಬೆರಳು ಹೋಗಿದ್ರೆ ಇನ್ನೂ ಒಂಬತ್ತು ಇದ್ವು ಕಣೇ" ಎಂದಳು ಅಜ್ಜಿ. "ನನ್ನ ಮಾತು ನಂಬೋಳು ಇದ್ದಿದ್ದು ನೀನೊಬ್ಳೇ."

ಸಿಸ್ಟರ್‌ಗೆ ಅಳು ಒತ್ತರಿಸಿ ಬಂತು. ಅಷ್ಟು ಜನರೆದುರಿಗೆ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿಗೆ ತಡೆಯಲಾಗಲಿಲ್ಲ, ಕೈ ಚಾಚಿ ಅವಳ ಕೆನ್ನೆ ಒರೆಸಿದಳು.

"ಸಾಕು ಸುಮ್ನಿರೇ ಹುಚ್ಚಿ. ಮುನಿಸ್ಕೊಳ್ಳೋಕಾದ್ರೂ ನಂಗೆ ಇನ್ಯಾರಿದಾರೆ ಹೇಳು?"