ನಲವತ್ತಮೂರನೇ ನಂಬರಿನ ಅಕ್ಕ

ತನ್ನ ಕಾದಂಬರಿಯೊಳಗೆ ಜನ ಚಪ್ಪಲಿ ಮೆಟ್ಟಿಕೊಂಡು ಓಡಾಡುವ ಕಾಲ ಬರುತ್ತದೆ ಎಂದು ಕತೆಗಾರ್ತಿ ಕನಸಿನಲ್ಲೂ ಎಣಿಸಿರಲಿಲ್ಲ. ಐವತ್ತೇಳನೇ ವಯಸ್ಸಿಗೆ ಅದೂ ಬಂತು. ಒಂದು ನಾಟಕ ತಂಡದವರು ಹಳೆಯ ಬಟ್ಟೆ ಗೋದಾಮೊಂದನ್ನು ಹಿಡಿದು, ಅದರಲ್ಲಿ ಏಳು ಕೋಣೆ ಕಟ್ಟಿ, ಅವಳ ಪುಸ್ತಕವನ್ನು ಆ ಕೋಣೆಗಳಲ್ಲಿ ಹರಡುತ್ತೇವೆ, ಒಪ್ಪಿಗೆ ಕೊಡಿ ಎಂದು ಕೇಳಲು ಬಂದರು. ತಂಡದ ಡೈರೆಕ್ಟರ್ ಮೂವತ್ತು ದಾಟದ ಹುಡುಗಿ. ಮಾತು ಮಾತ್ರ ರೈಲಿನ ವೇಗ.

"ಜನ ಸಾಲಾಗಿ ಕೂತು ನೋಡೋದಲ್ಲ ಮೇಡಂ, ಒಳಗೇ ಬರ್ತಾರೆ. ಡ್ರಾಯರ್ ತೆಗೀತಾರೆ, ಕಾಗದ ಓದ್ತಾರೆ, ಫೋನ್ ಎತ್ತುತ್ತಾರೆ. ಮನೆಗೆ ಹೋದ್ರೂ ಕತೆ ಅವರನ್ನ ಬಿಡಲ್ಲ. ಮಾರನೇ ದಿನ ಅವರ ಮೊಬೈಲಿಗೆ ನಿಮ್ಮ ಪಾತ್ರದ್ದೊಂದು ಕರೆ ಬರುತ್ತೆ."

"ನನ್ನ ಪಾತ್ರಗಳಿಗೆ ಮೊಬೈಲ್ ಅಂದ್ರೇನು ಅಂತ್ಲೇ ಗೊತ್ತಿಲ್ಲಮ್ಮ."

"ಅವರಿಗೆ ಗೊತ್ತಾಗೋದು ಬೇಡ. ಕೇಳೋರಿಗೆ ಗೊತ್ತಿದ್ರೆ ಸಾಕು."

ಕಾದಂಬರಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಅದು ಒಂದು ಚಿಕ್ಕ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಕತೆ. ಒಬ್ಬರು ಇನ್ನೊಬ್ಬರ ಜೊತೆ ಮಾತಾಡಬೇಕಾದರೆ ನಡುವೆ ಕೂತ ಆಪರೇಟರ್ ವಯರಿನ ತುದಿಯನ್ನು ಬೋರ್ಡಿನ ತೂತಿಗೆ ಚುಚ್ಚಿ ಸಂಪರ್ಕ ಕೊಡಬೇಕಾಗಿದ್ದ ಕಾಲದ್ದು. ಆ ಆಪರೇಟರೇ ನಾಯಕಿ. ಬೋರ್ಡಿನಲ್ಲಿ ಅರವತ್ತು ನಂಬರು, ಒಂದೊಂದಕ್ಕೂ ಆ ಮನೆಯವರು ಕರೆದಾಗ ಹೊತ್ತಿಕೊಳ್ಳುವ ಒಂದು ಪುಟ್ಟ ದೀಪ. ಅದರಲ್ಲಿ ನಲವತ್ತಮೂರು ಅವಳ ಸ್ವಂತ ಅಕ್ಕನ ಮನೆಯದು. ತೀರಿಹೋದ ತಾಯಿಯ ಹೊಲಿಗೆ ಮಷೀನಿಗಾಗಿ ಇಬ್ಬರಿಗೂ ಜಗಳವಾಗಿ ಮಾತು ನಿಂತಿದೆ. ಊರಿಗೆಲ್ಲ ಮಾತು ಜೋಡಿಸಿಕೊಡುವವಳು ಆ ಒಂದು ದೀಪ ಹೊತ್ತಿಕೊಳ್ಳಲಿ ಎಂದು ಮುನ್ನೂರು ಪುಟ ಕಾಯುತ್ತಾಳೆ. ಅದು ಹೊತ್ತಿಕೊಳ್ಳುವುದೇ ಇಲ್ಲ. ಕೊನೆಗೆ ಎಕ್ಸ್‌ಚೇಂಜ್ ಮುಚ್ಚುವ ದಿನ ಅವಳು ಬೋರ್ಡನ್ನು ಒಮ್ಮೆ ಒರೆಸಿ ಮನೆಗೆ ಹೋಗುತ್ತಾಳೆ.

ಓದಿದವರೆಲ್ಲ ಕಣ್ಣೀರಿಟ್ಟಿದ್ದರು. ಕಣ್ಣೀರಿಡದವಳು ಒಬ್ಬಳೇ, ಕತೆಗಾರ್ತಿಯ ಅಕ್ಕ. ಅವಳು ದರ್ಜಿ. ತಾಯಿಯ ಹೊಲಿಗೆ ಮಷೀನು ನಿಜವಾಗಿಯೂ ಅವಳ ಮನೆಗೇ ಹೋಗಿತ್ತು, ಅಕ್ಕ ತಂಗಿ ನಿಜವಾಗಿಯೂ ಒಂದೂವರೆ ವರ್ಷ ಮುಖ ತಿರುಗಿಸಿಕೊಂಡಿದ್ದರು. ಆಮೇಲೆ ಯಾರದೋ ಮದುವೆಯಲ್ಲಿ ಎದುರು ಬದುರು ಸಿಕ್ಕಿ, ಏನೂ ಆಗೇ ಇಲ್ಲವೆಂಬಂತೆ ಮಾತು ಶುರುವಾಗಿತ್ತು. ಆ ಜಗಳದ ವಿಷಯ ಮಾತ್ರ ಇಬ್ಬರೂ ಎತ್ತಿದವರಲ್ಲ. ಪುಸ್ತಕ ಬಂದಾಗ ಅಕ್ಕ ಎರಡೇ ದಿನದಲ್ಲಿ ಓದಿ ಮುಗಿಸಿ, "ಚೆನ್ನಾಗಿದೆ, ಅಕ್ಷರ ಸ್ವಲ್ಪ ಸಣ್ಣದಾಯ್ತು" ಎಂದಿದ್ದಳು. ಅಷ್ಟೇ. ಆದರೆ ಅವಳ ಮನೆಯ ಕಪಾಟಿನಲ್ಲಿ ಆ ಪುಸ್ತಕ ಬೆನ್ನು ಗೋಡೆಯ ಕಡೆ ಮಾಡಿಕೊಂಡು ಕೂತಿರುವುದನ್ನು ತಂಗಿ ನೋಡಿದ್ದಳು.

ಗೋದಾಮಿನ ಕೆಲಸ ಶುರುವಾದ ಮೇಲೆ ಕತೆಗಾರ್ತಿಗೆ ತನ್ನ ಕತೆಯೇ ತನಗೆ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಯಿತು. ಮೊದಲು ಸಿಕ್ಕಿಹಾಕಿಸಿದವನು ಬಡಗಿ.

"ಅಮ್ಮಾ, ಆಪರೇಟರ್ ಕೂರೋ ಕುರ್ಚಿಗೆ ಕೈ ಇತ್ತಾ?"

ಕತೆಗಾರ್ತಿ ತನ್ನ ಪುಸ್ತಕ ತೆಗೆದು ಹಾಳೆ ಮಗುಚಿದಳು. ಮುನ್ನೂರು ಪುಟ ಆ ಹೆಂಗಸನ್ನು ಅದೇ ಕುರ್ಚಿಯಲ್ಲಿ ಕೂರಿಸಿದ್ದಳು. ಕೈ ಇತ್ತೋ ಇಲ್ಲವೋ ನೋಡಿರಲೇ ಇಲ್ಲ.

"ನೀವೇ ಹೇಳಿ."

ಬಡಗಿ ಒಂದು ಮರದ ತುಂಡಿನ ಮೇಲೆ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ಗಾಳಿಯಲ್ಲಿ ವಯರು ಚುಚ್ಚಿದ. "ಕೈ ಇದ್ರೆ ಮೊಣಕೈಗೆ ಬಡಿಯುತ್ತೆ. ಇರಲಿಲ್ಲ ಬಿಡಿ" ಎಂದು ತೀರ್ಪು ಕೊಟ್ಟು ಎದ್ದುಹೋದ.

ಆಮೇಲಿನ ಪ್ರಶ್ನೆ ಡೈರೆಕ್ಟರ್ ಹುಡುಗಿಯದು. ಬಂದವರು ಆ ಕುರ್ಚಿಯಲ್ಲಿ ಕೂತು ಯಾವ ತೂತಿಗೆ ಬೇಕಾದರೂ ವಯರು ಚುಚ್ಚಬಹುದು, ಚುಚ್ಚಿದ ಕಡೆ ಮಾತು ಕೇಳಬೇಕು. ಕಾದಂಬರಿಯಲ್ಲಿ ಹನ್ನೊಂದು ಮನೆಗಳ ಮಾತು ಮಾತ್ರ ಇದೆ. "ಉಳಿದ ನಲವತ್ತೊಂಬತ್ತು?"

"ನಲವತ್ತೆಂಟು" ಎಂದಳು ಕತೆಗಾರ್ತಿ. "ನಲವತ್ತಮೂರು ಸುಮ್ಮನಿರಬೇಕು. ಅದೇ ಅಲ್ವಾ ಕತೆ?"

ಎರಡು ತಿಂಗಳು ಅವಳು ಕುಣಿದಾಡುತ್ತ ಬರೆದಳು. ಅಂಥ ಖುಷಿ ಬರವಣಿಗೆಯಲ್ಲಿ ಅವಳಿಗೆ ಸಿಕ್ಕು ಎಷ್ಟೋ ವರ್ಷವಾಗಿತ್ತು. ಹುಡುಗಿ ನೋಡಲು ಹೋಗಿ ಅವಳ ಅಪ್ಪನ ಜೊತೆ ಚದುರಂಗ ಆಡಿ ವಾಪಸ್ಸು ಬಂದ ತೊದಲು ಮಾತಿನ ಮೇಷ್ಟ್ರು, ಗಂಡನ ಗೊರಕೆಯನ್ನು ಫೋನಿನಲ್ಲಿ ಡಾಕ್ಟರಿಗೆ ಕೇಳಿಸುವ ಹೆಂಡತಿ, ತಪ್ಪು ನಂಬರಿಗೆ ಫೋನ್ ಮಾಡಿ ಅಲ್ಲೇ ಸ್ನೇಹ ಮಾಡಿಕೊಂಡ ಇಬ್ಬರು ಮುದುಕರು. ತನ್ನ ಊರಿನಲ್ಲಿ ಇಷ್ಟು ಜನ ಇದ್ದರೇ ಎಂದು ಅವಳೇ ಮೂಗಿನ ಮೇಲೆ ಬೆರಳಿಟ್ಟಳು.

ತೆರೆಯುವುದಕ್ಕೆ ಮೂರು ವಾರ ಮೊದಲು ಹನ್ನೆರಡು ಮಂದಿಯನ್ನು ಕರೆದು ಒಳಗೆ ಬಿಟ್ಟು ನೋಡಿದರು. ಕತೆಗಾರ್ತಿ ತೆಳುಪರದೆಯ ಹಿಂದೆ ಕೂತು ಗಮನಿಸುತ್ತಿದ್ದಳು. ಮೇಷ್ಟ್ರ ಮಾತಿಗೆ ನಕ್ಕರು, ಗೊರಕೆಗೆ ಬಿದ್ದು ಬಿದ್ದು ನಕ್ಕರು. ಅಲ್ಲಲ್ಲಿ ಡ್ರಾಯರಿನಲ್ಲಿ ಸಿಕ್ಕ ಕಾಗದಗಳಿಂದ ಅಕ್ಕ ತಂಗಿಯ ಜಗಳ ಅವರಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದೇ ತಡ, ಹನ್ನೆರಡಕ್ಕೆ ಹನ್ನೆರಡು ಮಂದಿಯೂ ಬೋರ್ಡಿಗೆ ವಾಪಸ್ಸು ಬಂದು ನಲವತ್ತಮೂರಕ್ಕೆ ವಯರು ಚುಚ್ಚಿದರು. ಏನೂ ಕೇಳಲಿಲ್ಲ. ತೆಗೆದು ಮತ್ತೆ ಚುಚ್ಚಿದರು.

ಹೊರಗೆ ಬಂದಾಗ ಬಸ್ ಡ್ರೈವರೊಬ್ಬ ಡೈರೆಕ್ಟರಿಗೆ ಸಮಾಧಾನ ಹೇಳಿದ: "ಎಲ್ಲಾ ಫಸ್ಟ್ ಕ್ಲಾಸು. ನಲವತ್ತಮೂರು ಒಂದು ಕೆಟ್ಟುಹೋಗಿದೆ, ರಿಪೇರಿ ಮಾಡ್ಸಿ."

ಒಬ್ಬ ನರ್ಸ್ ಮಾತ್ರ ಬಾಗಿಲ ಬಳಿಯೇ ನಿಂತಿದ್ದಳು. "ನಾನು ಕರೆದೆ. ಅಷ್ಟೊತ್ತು ಕರೆದೆ. ಆದ್ರೂ ಅವಳು ಎತ್ತಲಿಲ್ಲ. ಅಷ್ಟು ಕಲ್ಲು ಮನಸ್ಸಾ ಅಕ್ಕಂದು?"

ಕತೆಗಾರ್ತಿ ಆ ಮಾತನ್ನು ಹಾಗೆಯೇ ಬರೆದುಕೊಂಡಳು.

ಎಲ್ಲರೂ ಹೋದ ಮೇಲೆ ಡೈರೆಕ್ಟರ್ ಅವಳ ಪಕ್ಕ ಬಂದು ಕೂತಳು. ಈ ಸಲ ನಿಧಾನವಾಗಿ ಮಾತಾಡಿದಳು. "ಪುಸ್ತಕದಲ್ಲಿ ಆಪರೇಟರ್ ಕಾಯ್ತಾಳೆ ಮೇಡಂ, ಫೋನ್ ಮಾಡಲ್ಲ. ಓದೋರು ಅವಳ ಜೊತೆ ಕಾಯ್ತಾರೆ, ಬೇರೆ ದಾರಿ ಇಲ್ಲ. ಇಲ್ಲಿ ಬಂದೋರ ಕೈಗೆ ನಾವು ವಯರು ಕೊಟ್ಟಿದ್ದೀವಿ. ಕೈಲಿ ವಯರು ಇದ್ದೋರು ಯಾಕೆ ಕಾಯ್ತಾರೆ? ಮಾಡೇ ಮಾಡ್ತಾರೆ. ಮಾಡಿದ್ಮೇಲೆ ಆ ಕಡೆ ಯಾರಾದ್ರೂ ಇರ್ಬೇಕಲ್ವಾ?"

ಕತೆಗಾರ್ತಿ ಮನೆಗೆ ಹೋಗಿ ಆ ಅಕ್ಕನಿಗೆ ಮಾತು ಬರೆಯಲು ಕೂತಳು. ಐವತ್ತೊಂಬತ್ತು ಮನೆಯ ಮಾತು ನೀರು ಕುಡಿದಂತೆ ಬರೆದವಳಿಗೆ ಈ ಒಂದು ಮನೆ ಒಗ್ಗಲಿಲ್ಲ. ಒಂದು ಸಲ ಅಕ್ಕ ದೇವತೆಯಾದಳು, ಇನ್ನೊಂದು ಸಲ ಅಳುಬುರುಕಿಯಾದಳು. ಐದು ಸಲ ಬರೆದು ಹರಿದು, ಆರನೆಯದನ್ನು ಚೀಲಕ್ಕೆ ತುರುಕಿಕೊಂಡು ಅಕ್ಕನ ಅಂಗಡಿಗೆ ಹೋದಳು.

ಶಾಲೆಯ ಸಮವಸ್ತ್ರಗಳ ಸೀಸನ್ನು. ಅಕ್ಕ ನೀಲಿ ಬಟ್ಟೆಯ ಗುಡ್ಡೆಯ ನಡುವೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಿದ್ದಳು. ತಂಗಿ ಎಲ್ಲವನ್ನೂ ಹೇಳಿ, ಹಾಳೆ ಮುಂದೆ ಹಿಡಿದು, "ನಿನ್ನ ದನಿ ಬೇಕಿತ್ತು" ಎಂದಳು.

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಇಪ್ಪತ್ತೆರಡು ವರ್ಷಕ್ಕೆ ನನಗೂ ಒಂದು ಮಾತು ಸಿಕ್ತೇನೇ ಪುಟ್ಟಿ?"

"ಅದು ನೀನಲ್ಲ ಕಣೇ. ಪಾತ್ರ."

"ಹೌದೌದು, ಪಾತ್ರ. ಹೊಲಿಗೆ ಮಷೀನೂ ಪಾತ್ರ." ಕನ್ನಡಕ ಏರಿಸಿ ಹಾಳೆ ಓದಿದಳು. ಓದುತ್ತ ಓದುತ್ತ ಹುಬ್ಬು ಮೇಲೆ ಹೋಯಿತು. "'ನಿನ್ನ ನೆನಪಿನ ದೀಪ ನನ್ನೊಳಗೆ ಆರಲೇ ಇಲ್ಲ.' ಇವಳ್ಯಾರೇ? ಹೀಗೆ ಮಾತಾಡೋರು ಯಾವಾಗ ಅಡಿಗೆ ಮಾಡ್ತಾರೆ, ಯಾವಾಗ ಬಟ್ಟೆ ಒಗೀತಾರೆ?"

ತಂಗಿಗೆ ಮುಖ ಊದಿಸಿಕೊಳ್ಳಬೇಕೆನ್ನಿಸಿತು, ನಗು ಬಂದುಬಿಟ್ಟಿತು.

"ಬರ್ತೀನಿ" ಎಂದಳು ಅಕ್ಕ ಹಾಳೆಯನ್ನು ಮಡಚುತ್ತ. "ಆದ್ರೆ ಇದನ್ನೆಲ್ಲ ಓದಲ್ಲ. ನೀನು ಆ ಕಡೆ ಕೂತು ಫೋನ್ ಮಾಡು. ನನಗೆ ಏನು ಬಾಯಿಗೆ ಬರುತ್ತೋ ಅದನ್ನ ಹೇಳ್ತೀನಿ. ಬೇಕಾದ್ರೆ ಇಟ್ಕೊಳ್ಳಿ, ಬೇಡವಾದ್ರೆ ಬಿಡಿ."

ಭಾನುವಾರ ಬೆಳಿಗ್ಗೆ ಅಕ್ಕ ಗೋದಾಮಿಗೆ ಬಂದಳು. ಏಳನೆಯ ಕೋಣೆ 'ಅಕ್ಕನ ಮನೆ'. ಬಡಗಿ ಬಹಳ ಮುತುವರ್ಜಿಯಿಂದ ಸಿಂಗರಿಸಿದ್ದ. ಅಕ್ಕ ಒಳಗೆ ಕಾಲಿಟ್ಟವಳೇ ನೆಟ್ಟಗೆ ಹೊಲಿಗೆ ಮಷೀನಿನ ಹತ್ತಿರ ಹೋಗಿ, "ದಾರ ಉಲ್ಟಾ ಪೋಣಿಸಿದ್ದೀರಲ್ಲಪ್ಪ, ಒಂದು ಹೊಲಿಗೆನೂ ಬೀಳಲ್ಲ ಇದ್ರಲ್ಲಿ" ಎಂದಳು. ಬಡಗಿ ತಲೆ ಕೆರೆದುಕೊಂಡ. ಅವಳೇ ಬಿಚ್ಚಿ ಸರಿಯಾಗಿ ಪೋಣಿಸಿ ಕುರ್ಚಿ ಎಳೆದುಕೊಂಡಳು.

ತಂಗಿ ಬೋರ್ಡಿನ ಮುಂದೆ, ಕೈಯಿಲ್ಲದ ಕುರ್ಚಿಯಲ್ಲಿ ಕೂತಳು. ನಡುವೆ ಆರು ಕೋಣೆ. ಧ್ವನಿಮುದ್ರಣದವನು ಹೆಬ್ಬೆರಳು ಎತ್ತಿ ತೋರಿಸಿದ. ಅವಳು ನಲವತ್ತಮೂರಕ್ಕೆ ವಯರು ಚುಚ್ಚಿದಳು. ತಾನೇ ಕಟ್ಟಿದ ಕತೆಯಲ್ಲಿ, ಮುನ್ನೂರು ಪುಟದಲ್ಲಿ ಆಪರೇಟರ್ ಒಮ್ಮೆಯೂ ಮಾಡದ ಕೆಲಸ.

ಗಂಟೆ ಬಾರಿಸತೊಡಗಿತು. ಅಕ್ಕ ಎತ್ತಲಿಲ್ಲ. ನಾಲ್ಕು ಸಲ, ಐದು ಸಲ. ಮರೆತಳೋ ಏನೋ ಎಂದು ಡೈರೆಕ್ಟರ್ ಎದ್ದು ನಿಂತಳು. ಒಂಬತ್ತನೆಯ ಸಲಕ್ಕೆ ಆ ಕಡೆ ಫೋನ್ ಎತ್ತಿದ ಸದ್ದಾಯಿತು.

"ಯಾರು?"

"ನಾನು."

"ನಾನು ಅಂದ್ರೆ ಊರಲ್ಲಿ ಎಷ್ಟು ಜನ ಇಲ್ಲ?"

"ನಿನ್ನ ತಂಗಿ."

ಆ ಕಡೆ ಮಷೀನಿನ ಪೆಡಲು ತುಳಿಯುವ ಸದ್ದು ಶುರುವಾಯಿತು. "ಊಟ ಆಯ್ತಾ?"

"ಆಯ್ತು. ನಿಂದು?"

"ಆಗ್ಬೇಕು. ಏನು ಫೋನ್ ಮಾಡಿದ್ದು?"

"ನೀನು ಮಾಡ್ತೀಯ ಅಂತ ಕಾದೆ. ಮಾಡಲಿಲ್ಲ."

"ಮಾಡಿದ್ದೆ ಕಣೇ" ಎಂದಳು ಅಕ್ಕ. ದನಿ ಬದಲಾಗಿತ್ತು. ಪೆಡಲು ನಿಂತಿತ್ತು. "ನಾಲ್ಕು ಸಲ ನಂಬರ್ ತಿರುಗಿಸಿದ್ದೆ. ಮೂರು ಸಲ ಗಂಟೆ ಆಗೋಕೆ ಮುಂಚೆನೇ ಇಟ್ಬಿಟ್ಟೆ. ಒಂದು ಸಲ ನೀನೇ ಎತ್ತಿದೆ. ಹಲೋ ಹಲೋ ಅಂದೆ. ನೆಗಡಿ ಆಗಿತ್ತು ನಿನಗೆ, ಮೂಗು ಕಟ್ಟಿತ್ತು. ಔಷಧಿ ತಗೊಂಡ್ಯಾ ಅಂತ ಕೇಳೋಣ ಅನ್ನಿಸ್ತು. ಬಾಯೇ ಬರಲಿಲ್ಲ."

ಇದು ಕತೆಯಲ್ಲ ಎಂದು ಕತೆಗಾರ್ತಿಗೆ ತಿಳಿಯಿತು. ಅಂಥದೊಂದು ಕರೆ ಬಂದಿದ್ದನ್ನು ನೆನಪಿಸಿಕೊಳ್ಳಲು ಒದ್ದಾಡಿದಳು. ನೆನಪಿದೆ ಎನ್ನಬೇಕೆಂದು ತುಂಬ ಆಸೆಯಾಯಿತು. ಇರಲಿಲ್ಲ.

"ಅದು ನೀನಾ? ನನಗೆ ನೆನಪೇ ಇಲ್ಲ ಅಕ್ಕ."

"ನೆನಪಿರೋಕೆ ಏನಿತ್ತು? ನಾನೇನು ಮಾತಾಡಿದ್ನಾ?" ಎಂದು ಅಕ್ಕ ನಕ್ಕುಬಿಟ್ಟಳು. ಈ ಕಡೆ ತಂಗಿ ಅಳುತ್ತ ನಕ್ಕಳು. "ಮಷೀನು ನಿನಗೆ ಬೇಕಿತ್ತು ಅಂತ ಗೊತ್ತಿತ್ತು ಪುಟ್ಟಿ. ಆದ್ರೆ ನಿನಗೆ ಗುಂಡಿ ಹೊಲಿಯೋಕೂ ಬರ್ತಿರಲಿಲ್ವಲ್ಲೇ."

"ಅಮ್ಮ ಅದರ ಮುಂದೆ ಕೂತ್ಕೋತಿದ್ದಳು ಅಂತ ಬೇಕಿತ್ತು ಕಣೇ. ಹೊಲಿಯೋಕಲ್ಲ."

"ಅದನ್ನ ಆಗ ಹೇಳಬೇಕಿತ್ತು."

"ಹೇಳಬೇಕಿತ್ತು."

ಧ್ವನಿಮುದ್ರಣದವನು ನಿಲ್ಲಿಸುವುದನ್ನೇ ಮರೆತಿದ್ದ. ಡೈರೆಕ್ಟರ್ ಕರವಸ್ತ್ರ ಹುಡುಕುತ್ತಿದ್ದಳು. ಅಕ್ಕ ಆರು ಕೋಣೆ ದಾಟಿ ಬಂದು, ಬೋರ್ಡಿನ ಮುಂದೆ ಮುಖ ಒರೆಸಿಕೊಳ್ಳುತ್ತಿದ್ದ ತಂಗಿಯ ತಲೆಗೆ ಮೆಲ್ಲಗೆ ಮೊಟಕಿ, "ಬೇಕಾದ್ದು ಇಟ್ಕೊಳ್ಳಿ, ಹೆಸರೇನೂ ಹೇಳಿಲ್ವಲ್ಲ" ಎಂದಳು. ಆಮೇಲೆ ಡೈರೆಕ್ಟರಿಗೆ ಬೆರಳು ತೋರಿಸಿ, "ಒಂಬತ್ತು ಸಲ ಬಡ್ಕೊಳ್ಳಲಿ ಆ ಗಂಟೆ. ಅವಸರದೋರಿಗೆ ನಾನು ಸಿಗಲ್ಲ" ಎಂದು ಕಟ್ಟಪ್ಪಣೆ ಮಾಡಿದಳು.

ಹಾಗೇ ಮಾಡಿದರು. ಪ್ರದರ್ಶನ ತೆರೆದ ಮೇಲೆ ಒಂಬತ್ತನೆಯ ಗಂಟೆಗೆ ಮೊದಲೇ ವಯರು ಕಿತ್ತವರು ಕಾದಂಬರಿಯ ಮೌನವನ್ನೇ ಕೇಳಿ ಹೋದರು. ಕಾದವರಿಗೆ ಅಕ್ಕ ಸಿಕ್ಕಳು. ಕಾದವರು ಕಾಯದವರಿಗೆ ಹೇಳಿದರು, ಅವರು ಮತ್ತೆ ಬಂದರು. ಬಸ್ ಡ್ರೈವರ್ ಹೆಂಡತಿಯನ್ನೂ ಅತ್ತಿಗೆಯನ್ನೂ ಕರೆದುಕೊಂಡು ಬಂದ. ನರ್ಸ್ ಒಬ್ಬಳೇ ಬಂದಳು. ಕೇಳಿ ಮುಗಿಸಿ ನೆಟ್ಟಗೆ ಹೊರಟಳು. ಹೋಗುವಾಗ ಅವಳು ಮೊಬೈಲಿನಲ್ಲಿ ಯಾವುದೋ ನಂಬರು ಹುಡುಕುತ್ತಿದ್ದಳು.

ಒಬ್ಬ ಹಳೆಯ ಓದುಗ ಮಾತ್ರ ಸಿಟ್ಟಿನಿಂದ ನಾಲ್ಕು ಪುಟದ ಪತ್ರ ಬರೆದ. ನಲವತ್ತಮೂರು ಸುಮ್ಮನಿರಬೇಕಿತ್ತು, ನೀವು ನನ್ನ ಪುಸ್ತಕ ಕೆಡಿಸಿದಿರಿ ಎಂದ. ಕತೆಗಾರ್ತಿ ಸಮಾಧಾನವಾಗಿಯೇ ಉತ್ತರಿಸಿದಳು: ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಅಲ್ಲಿ ಅವಳು ಈಗಲೂ ಕಾಯುತ್ತಲೇ ಇದ್ದಾಳೆ. ಇಲ್ಲಿ ಬೇರೆಯವರು ಅವಳ ಪರವಾಗಿ ಫೋನ್ ಮಾಡುತ್ತಿದ್ದಾರೆ, ಅಷ್ಟೇ. ಬರೆದಾದ ಮೇಲೆ ಓದಿನೋಡಿ, ತಾನು ಹೇಳಿದ್ದು ತನಗೇ ನಿಜವೆನಿಸಿ, ಅಂಚೆಗೆ ಹಾಕಿದಳು.

ಇನ್ನು ಮಾರನೆಯ ದಿನ ಮನೆಗೆ ಬರುವ ಕರೆ. ಅರವತ್ತರಲ್ಲಿ ಯಾರದ್ದು ಬೇಕು ಎಂದು ಬಂದವರನ್ನು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ನಲವತ್ತಮೂರು ಎನ್ನತೊಡಗಿದರು. ಒಂದೇ ಧ್ವನಿಮುದ್ರಣ ಸಾಲದಾಯಿತು, ಅಕ್ಕನ ದನಿಯಲ್ಲಿ ಹೊಸ ಹೊಸ ಕರೆಗಳು ಬೇಕಾದವು. ಹೀಗಾಗಿ ಈಗ ಪ್ರತಿ ಮಂಗಳವಾರ, ಅಂಗಡಿಗೆ ರಜೆಯ ದಿನ, ತಂಗಿ ಊಟ ಮುಗಿಸಿ ಅಕ್ಕನ ಮನೆಗೆ ಹೋಗುತ್ತಾಳೆ. ಅಕ್ಕ ನಡುಮನೆಯಲ್ಲಿ ಅಡ್ಡಾಡುತ್ತ ಹೇಳುತ್ತಾಳೆ, ತಂಗಿ ನೆಲದ ಮೇಲೆ ಕೂತು ಬರೆದುಕೊಳ್ಳುತ್ತಾಳೆ. ಭಾವ ನಡುವೆ ಬಂದು ತನಗೂ ಒಂದು ನಂಬರು ಕೊಡಿ ಎಂದು ಗೋಗರೆದು ಬೈಸಿಕೊಂಡು ಹೋಗುತ್ತಾರೆ.

ಕಳೆದ ವಾರ ಒಂದು ಸಾಲು ಬರೆದ ತಂಗಿ ಅದನ್ನು ಹೊಡೆದುಹಾಕಿ ಇನ್ನಷ್ಟು ಚೆಂದ ಮಾಡಲು ಹೊರಟಳು. ಅಕ್ಕ ಬಗ್ಗಿ ನೋಡಿ ಪೆನ್ನು ಕಸಿದುಕೊಂಡಳು.

"ನಾನು ಹೇಳಿದ್ದು ಬರಿ. ನಿನ್ನ ಸಿಂಗಾರ ನಿನ್ನ ಪುಸ್ತಕಕ್ಕಿರಲಿ."

"ಆಯ್ತು ಮಹಾತಾಯಿ, ಹೇಳು."

ಅಕ್ಕ ಪೆನ್ನು ವಾಪಸ್ಸು ಕೊಟ್ಟು, ಕಿಟಕಿಯ ಹತ್ತಿರ ನಿಂತು, ಇನ್ನೂ ಹೆಸರು ಗೊತ್ತಿಲ್ಲದ ಯಾರೋ ಒಬ್ಬರಿಗೆ ನಾಳೆ ಏನು ಹೇಳಬೇಕೆಂದು ಯೋಚಿಸತೊಡಗಿದಳು.