ಆಡಲು ಅಡ್ಡಿಯಿಲ್ಲ

ನಾನು ಡಾಕ್ಟರಲ್ಲ. ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹೇಳಲಿಲ್ಲ. ಹೇಳದೆ ಇರುವುದು ಹಿತವಾಗಿತ್ತು.

ಎಂಬತ್ತಾರನೆಯ ಇಸವಿ. ಮುಂಬೈಯ ಒಂದು ಆಸ್ಪತ್ರೆಯ ಕಾಲೇಜಿನಲ್ಲಿ ನಾನು ಫಿಸಿಯೋಥೆರಪಿ ಮೂರನೆಯ ವರ್ಷ ಓದುತ್ತಿದ್ದೆ. ಮನೆ ಡೊಂಬಿವಲಿಯಲ್ಲಿ, ಅಪ್ಪ ಸ್ಟೇಷನ್ ಎದುರಿನ ಹೋಟೆಲಿನ ಮ್ಯಾನೇಜರು. ಕೊನೆಯ ಪರೀಕ್ಷೆಗೆ ಮುಂಚೆ ಎಲ್ಲರೂ ಒಂದು ಪ್ರಾಜೆಕ್ಟ್ ಬರೆಯಬೇಕು. ನಾನು ಆರಿಸಿಕೊಂಡದ್ದು ಕಬಡ್ಡಿ ಆಟಗಾರರ ಗಾಯಗಳನ್ನು ತಡೆಯುವುದು ಹೇಗೆ ಎಂಬ ವಿಷಯ. ನಮ್ಮ ಊರ ಕಡೆಯ ಮುಂಡಪ್ಪ ಮಾಮ ಠಾಣೆ–ಬೇಲಾಪುರ ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಫೋರ್‌ಮನ್. ಠಾಣೆಯಲ್ಲಿ ಒಂದು ಕಬಡ್ಡಿ ತಂಡವನ್ನೂ ನಡೆಸುತ್ತಿದ್ದರು. ಅವರ ಹುಡುಗರನ್ನೂ, ಅಲ್ಲಿಗೆ ಬರುವ ಬೇರೆ ತಂಡದವರನ್ನೂ ಸೇರಿಸಿ ನಲವತ್ತು ಜನರ ಫಾರ್ಮ್ ತುಂಬಿಸುವುದು ನನ್ನ ಲೆಕ್ಕಾಚಾರ.

ಮೊದಲ ದಿನ ಚೂಡಿದಾರ ಹಾಕಿಕೊಂಡು ಹೋದೆ. ಮೊಣಕಾಲು ತೋರಿಸಿ ಅಂದರೆ ಆರಡಿ ಗಂಡಸರು ನಾಚಿ ಒಬ್ಬರ ಬೆನ್ನ ಹಿಂದೆ ಒಬ್ಬರು ಸೇರಿಕೊಂಡರು. ಮರುದಿನ ಕಾಲೇಜಿನ ಬಿಳಿ ಏಪ್ರನ್ ತೊಟ್ಟು ಹೋದೆ. ಸಾಲಾಗಿ ನಿಂತು ಮೊಣಕಾಲು, ಹಿಮ್ಮಡಿ, ಮುರಿದು ಸೊಟ್ಟಗೆ ಕೂಡಿದ ಬೆರಳು ಎಲ್ಲ ತೋರಿಸಿದರು. ಹಾಳೂರಿಗೆ ಉಳಿದವನೇ ಗೌಡ. ಆ ಮೈದಾನದಲ್ಲಿ ಬಿಳಿ ಬಟ್ಟೆ ಹಾಕಿದವಳು ನಾನೊಬ್ಬಳೇ, ಹಾಗಾಗಿ ನಾನೇ ಡಾಕ್ಟರ್ ಬಾಯಿ. ಉಳುಕಿದ ದಿನವೇ ಬಿಸಿ ಶಾಖ ಕೊಡಬೇಡಿ ಅಂದೆ, ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳಿ ಅಂದೆ, ಗಟ್ಟಿ ನೆಲವನ್ನು ಅಗೆದು ಸಡಿಲ ಮಾಡಿಸಿದೆ. ನಾಲ್ಕು ಜನರ ಕಾಲಿನ ಊತ ಇಳಿಯಿತು, ನನ್ನ ತಲೆ ಊದಿತು.

ಫಾರ್ಮಿನ ಹನ್ನೆರಡನೆಯ ಪ್ರಶ್ನೆ, ತಲೆಗೆ ಎಂದಾದರೂ ಪೆಟ್ಟು ಬಿದ್ದಿದೆಯೇ ಎಂದು. ಎಲ್ಲರೂ ಇಲ್ಲ ಅಂದರು. ಅದು ಸುಳ್ಳೇನೂ ಅಲ್ಲ. ಅವರ ಪ್ರಕಾರ ಕುಂಟಿಸಿದರೆ ಮಾತ್ರ ಪೆಟ್ಟು. ಕಾಲು ನಡೆಯುತ್ತಿದೆ, ದಮ್ಮು ಇದೆ ಅಂದರೆ ಆಟಗಾರನಿಗೆ ಏನೂ ಆಗಿಲ್ಲ. ನಾನು ಅದನ್ನು ಹಾಗೆಯೇ ಬರೆದುಕೊಂಡೆ, ಒಂದು ಕಾಲಂ ಸುಲಭವಾಯಿತೆಂದು ಖುಷಿಪಟ್ಟೆ.

ಅಂಬಾರಾಯ ಆ ತಂಡದ ಒಳ್ಳೆಯ ರೇಡರ್. ಕಲಬುರಗಿ ಕಡೆಯವನು, ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಸರಳು ಹೊರುತ್ತಿದ್ದ. ಅವನ ತಾಯಿ ಸಾಬವ್ವ ಬೇಲಾಪುರದಲ್ಲಿ ಏಳುತ್ತಿದ್ದ ಸರ್ಕಾರಿ ಕಟ್ಟಡಗಳಿಗೆ ಸಿಮೆಂಟು ಹೊರುತ್ತಿದ್ದಳು. ಡಿಸೆಂಬರಿನ ಒಂದು ಶನಿವಾರ ಕಲ್ಯಾಣದಲ್ಲಿ ಪಂದ್ಯವಿತ್ತು. ಅದನ್ನು ನೋಡಿ ಮುಂಡಪ್ಪ ಮಾಮನ ಕಂಪನಿ ನಾಲ್ವರು ಆಟಗಾರರಿಗೆ ಕಾಯಂ ಕೆಲಸ ಕೊಡುವುದಿತ್ತು. ಅಂಬಾರಾಯನ ಹೆಸರು ಬಹುಮಟ್ಟಿಗೆ ಗಟ್ಟಿ ಎಂದು ಎಲ್ಲರೂ ಹೇಳುತ್ತಿದ್ದರು.

ಆ ವಾರದ ಮಂಗಳವಾರ ಅಭ್ಯಾಸದಲ್ಲಿ ಅವನ ತಲೆ ಎದುರಿನವನ ಮೊಣಕಾಲಿಗೆ ಬಡಿಯಿತು. ಬಿದ್ದ, ಎದ್ದ, ಮಣ್ಣು ಝಾಡಿಸಿಕೊಂಡ. ನನ್ನ ಪಕ್ಕ ಬಂದು ಕುಳಿತು, “ಎಷ್ಟ್ ಪಾಯಿಂಟ್ ಆತ್ರಿ ಬಾಯಿ?” ಅಂದ. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಮೂರನೆಯ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾನೆಂದು ನಕ್ಕೆ.

ಬುಧವಾರ ಸಾಬವ್ವ ಅವನನ್ನು ಕೈಹಿಡಿದು ಕರೆದುಕೊಂಡು ಬಂದಳು.

“ನಿನ್ನಿ ಸಂಜಿಲಿಂದ ತಲಿ ತಲಿ ಅಂತಾನ ನೋಡ್ರಿ ಡಾಕ್ಟರ್ ಬಾಯಿ. ಉಂಡದ್ದು ಕಕ್ಕ್ಯಾನ. ಆಡಬಹುದೇನ್ರಿ ಇಂವ? ನೀವು ಬ್ಯಾಡ ಅಂದ್ರ ಬ್ಯಾಡ.”

ನಾನು ಹಿರಿಯ ಡಾಕ್ಟರುಗಳು ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಕತ್ತು ಒತ್ತಿದೆ. ಏನು ನೋಡಬೇಕೆಂದು ನನಗೆ ಗೊತ್ತಿರಲಿಲ್ಲ. “ಏನೂ ಆಗಿಲ್ಲ, ಬಿಸಿಲಿಗೆ ಹಾಗಾಗಿದೆ, ಆಡಲಿ” ಅಂದೆ. ಸಾಬವ್ವನ ಮುಖ ಅರಳಿತು. ಹಿಂದೆ ನಿಂತಿದ್ದ ಮುಂಡಪ್ಪ ಮಾಮ, “ಅದನ್ನೇ ಒಂದು ಚೀಟಿಯಲ್ಲಿ ಬರೆದು ಕೊಡು ಮಾರಾಯ್ತಿ. ಕಂಪನಿಯವರಿಗೆ ಕಾಗದ ಬೇಕಂತೆ” ಅಂದರು. ನಾನು ಇನ್ನೂ ಓದುವವಳು ಎಂದು ಅವರಿಗೆ ಗೊತ್ತಿತ್ತು. ಕಾಲೇಜಿನ ಹೆಸರಿದ್ದ ಫಾರ್ಮಿನ ಹಿಂಬದಿಯಲ್ಲಿ, ಅಂಬಾರಾಯ ಆಡಲು ಅಡ್ಡಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಸಹಿಯನ್ನು ಯಾರಿಗೂ ಓದಲಾಗದಂತೆ ಹಾಕಿದ್ದೆ, ಡಾಕ್ಟರುಗಳ ಹಾಗೆ.

ಶನಿವಾರ ಮಧ್ಯಾಹ್ನ ನಮ್ಮನ್ನು ವಾರ್ಡಿಗೆ ಕರೆದುಕೊಂಡು ಹೋದರು. ಮಂಚದ ಮೇಲೆ ಗೋಡೆಗೆ ಬಣ್ಣ ಹಚ್ಚುವ ಒಬ್ಬ ಮನುಷ್ಯ. ಹತ್ತು ದಿನದ ಹಿಂದೆ ಏಣಿಯಿಂದ ಬಿದ್ದು, ತಾನೇ ಎದ್ದು, ಚಹಾ ಕುಡಿದು, ಕೆಲಸಕ್ಕೂ ಹೋಗಿದ್ದನಂತೆ. ಈಗ ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ದೊಡ್ಡ ಡಾಕ್ಟರು ಅವನ ಹೆಂಡತಿಯನ್ನು ಮರಾಠಿಯಲ್ಲಿ ಕೇಳಿದರು, ಬಿದ್ದ ದಿನ ಹೇಗಿದ್ದ ಎಂದು. ಇವತ್ತು ಯಾವ ವಾರ ಅಂತ ಮತ್ತೆ ಮತ್ತೆ ಕೇಳುತ್ತಿದ್ದರು, ನಾವು ಚೇಷ್ಟೆ ಅಂದುಕೊಂಡೆವು, ಎಂದಳು ಆಕೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಎಲ್ಲರ ಮುಖ ನೋಡಿದೆ. ಡಾಕ್ಟರು ನಮ್ಮ ಕಡೆ ತಿರುಗಿ ಹೇಳುತ್ತಿದ್ದರು: ತಲೆಯೊಳಗೆ ನೆತ್ತರು ಸಣ್ಣಗೆ ಒಸರುತ್ತಿರುತ್ತದೆ, ಹೊರಗೆ ಗಾಯ ಕಾಣುವುದಿಲ್ಲ. ತಲೆನೋವು, ವಾಂತಿ, ಕೇಳಿದ್ದನ್ನೇ ಕೇಳುವುದು. ಇಂಥವನಿಗೆ ಇನ್ನೊಂದು ಪೆಟ್ಟು ಬಿದ್ದರೆ ಆಸ್ಪತ್ರೆಯವರೆಗೆ ತರುವ ಶ್ರಮವೂ ಇರುವುದಿಲ್ಲ.

“ಸರ್, ನಾಲ್ಕು ದಿನ ಆಗಿದ್ದರೆ?” ಎಂದೆ.

“ಯಾರಿಗೆ?”

“ಯಾರಿಗೂ ಅಲ್ಲ ಸರ್.”

ಇದು ನಾನು ಹೇಳಿದ ಎರಡನೆಯ ಸುಳ್ಳು. ಅಲ್ಲಿಯೇ ಬಾಯಿ ಬಿಟ್ಟಿದ್ದರೆ ಅವರೇ ಏನಾದರೂ ಮಾಡುತ್ತಿದ್ದರು. ಆದರೆ ಆ ಚೀಟಿ, ಅದರ ಮೇಲಿನ ಕಾಲೇಜಿನ ಹೆಸರು, ನನ್ನ ಸಹಿ ಕಣ್ಣಮುಂದೆ ಬಂದವು. ಹೊರಗೆ ಓಡಿ ಕಾರ್ಖಾನೆಗೆ ಫೋನ್ ಮಾಡಿದೆ. ಮುಂಡಪ್ಪ ಕಲ್ಯಾಣಕ್ಕೆ ಹೋಗಿಯಾಯಿತು ಎಂದರು. ಪಂದ್ಯ ನಾಲ್ಕು ಗಂಟೆಗೆ. ಆಗಲೇ ಎರಡೂವರೆ.

ಆ ರೈಲಿನಲ್ಲಿ ನಾನು ಪಟ್ಟ ಹೆದರಿಕೆಯನ್ನು ಹೇಗೆ ಹೇಳಲಿ? ಅವನು ಬಿದ್ದರೆ ಸಾಯುತ್ತಾನೆ, ನನ್ನ ಕೈಬರಹ ಕಂಪನಿಯವರ ಹತ್ತಿರ ಇರುತ್ತದೆ. ಪೊಲೀಸರು ಮನೆಗೆ ಬರುತ್ತಾರೆ, ಅಪ್ಪ ಹೋಟೆಲಿನಲ್ಲಿ ತಲೆ ಎತ್ತುವುದು ಹೇಗೆ? ಇನ್ನೊಂದು ಕಡೆ, ಅವನಿಗೆ ಏನೂ ಆಗದಿದ್ದರೆ? ನಾನು ಹೋಗಿ ಆಟ ನಿಲ್ಲಿಸಿ, ಅವನ ಕೆಲಸ ತಪ್ಪಿ, ಜೀವಮಾನವಿಡೀ ಅವನು ಕಬ್ಬಿಣ ಹೊತ್ತರೆ? ಮುಲುಂಡ್, ಠಾಣೆ, ದಿವಾ ದಾಟಿದವು. ಪ್ರತಿ ಸ್ಟೇಷನ್ನಿಗೂ ಹೆದರಿಕೆ ಹೆಚ್ಚುತ್ತಾ ಹೋಯಿತು.

ಡೊಂಬಿವಲಿ ಬಂತು. ದಿನಾ ಇಳಿಯುವ ಜಾಗ. ಜನ ನೂಕಿದರು ಎಂದು ಹೇಳಬಹುದು, ಆದರೆ ನೂಕಲಿಲ್ಲ. ನಾನೇ ಎದ್ದು ಇಳಿದೆ. ಸೇತುವೆ ಹತ್ತಿ, ಆ ಕಡೆ ಇಳಿಯುವ ಮೆಟ್ಟಿಲಿನವರೆಗೂ ನಡೆದೆ. ಹತ್ತು ನಿಮಿಷ ನಡೆದರೆ ಮನೆ, ಅಮ್ಮ ಚಹಾ ಕೊಡುತ್ತಾಳೆ, ನನಗೆ ಏನೂ ಗೊತ್ತೇ ಇಲ್ಲ. ಕೆಳಗೆ ನನ್ನ ರೈಲು ಹೊರಟುಹೋಯಿತು. ಅದರ ಸದ್ದು ನಿಂತ ಮೇಲೆ, ಸಾಬವ್ವ ಹೇಳಿದ ಮಾತು, ನೀವು ಬ್ಯಾಡ ಅಂದ್ರ ಬ್ಯಾಡ ಅಂದದ್ದು, ಕಿವಿಯಲ್ಲಿ ಕೂತುಬಿಟ್ಟಿತು. ತಿರುಗಿ ಓಡಿದೆ. ಮುಂದಿನ ರೈಲು ಹದಿನೈದು ನಿಮಿಷ ಬಿಟ್ಟು ಬಂತು.

ಕಲ್ಯಾಣದ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಎರಡನೆಯ ಅರ್ಧ ನಡೆಯುತ್ತಿತ್ತು. ಅಂಬಾರಾಯ ಕಾಣಿಸಿದ, ನಿಂತಿದ್ದ, ಸದ್ಯ, ನಾನು ಬದುಕಿದೆ ಅನ್ನಿಸಿತು. ಮುಂಡಪ್ಪ ಮಾಮನ ತೋಳು ಹಿಡಿದು, “ಅವನನ್ನು ಹೊರಗೆ ಕರೆಯಿರಿ, ತಲೆಯೊಳಗೆ ರಕ್ತ ಸೋರುತ್ತಿರಬಹುದು” ಎಂದೆ.

“ಎಂತ ಹೇಳ್ತಿದ್ದಿ ನೀನು? ಆಡಬಹುದು ಅಂತ ಬರೆದುಕೊಟ್ಟದ್ದು ನೀನೇ ಅಲ್ವಾ? ಕಂಪನಿಯವರು ಕುರ್ಚಿ ಹಾಕಿ ಕೂತಿದ್ದಾರೆ.”

“ನಾನು ಡಾಕ್ಟರಲ್ಲ ಮಾಮ, ನಿಮಗೆ ಗೊತ್ತಲ್ಲ.”

“ಡಾಕ್ಟರಲ್ಲ ಅಂದ್ರೆ ರಕ್ತ ಸೋರುದು ನಿಂಗೆ ಹೇಗೆ ಗೊತ್ತಾಯ್ತು?” ಅಂದರು. ಬೈದದ್ದಲ್ಲ. ನಿಜವಾಗಿಯೂ ಕೇಳಿದ್ದು. ಅವರ ಮುಖದಲ್ಲೂ ಹೆದರಿಕೆ ಇತ್ತು. ಅವರೂ ಆ ಚೀಟಿಯ ಪಾಲುದಾರರಲ್ಲವೇ?

ಗೆರೆಯ ಪಕ್ಕದಲ್ಲಿ ಸಾಬವ್ವ ಹೊಸ ಸೀರೆ ಉಟ್ಟು ಕೂತಿದ್ದಳು. ನನ್ನನ್ನು ನೋಡಿ ಎದ್ದಳು. “ಬಂದ್ರೇನ್ ಬಾಯಿ? ಈಗ ಐದ್ ಮಿನಿಟ್ ಆತು, ಎಲ್ಲಾರೂ ಅವನ ಮ್ಯಾಲ ಬಿದ್ರು. ನನ್ನ ಜೀವ ಬಾಯಿಗೆ ಬಂತು. ಎದ್ದ ಮತ್ತ.”

ಐದು ನಿಮಿಷ. ನಾನು ಡೊಂಬಿವಲಿಯಲ್ಲಿ ಕಳೆದದ್ದು ಅದಕ್ಕಿಂತ ಹೆಚ್ಚು ಹೊತ್ತು.

“ಸಾಬವ್ವ, ನಾನು ಡಾಕ್ಟರಲ್ಲ. ಇನ್ನೂ ಓದ್ತಿದ್ದೇನೆ. ಅವತ್ತು ಸುಳ್ಳು ಹೇಳಿದೆ. ಅವನು ಆಡಬಾರದು, ಈಗಲೇ ಆಸ್ಪತ್ರೆಗೆ ಹೋಗಬೇಕು.”

“ಯಾವುದು ಸುಳ್ಳು? ಅವತ್ತಿಂದೋ, ಇವತ್ತಿಂದೋ?”

“ನನಗೆ ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಪೂರ್ತಿ ಗೊತ್ತಿಲ್ಲ. ಆದರೆ ಅವನು ಸಾಯ್ತಾನೆ ಅಂತ ಹೆದರಿಕೆ ಆಗಿದೆ.”

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಬೇರೆ ಏನೂ ಕೇಳದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೆರೆ ದಾಟಿದಳು. ಅಂಬಾರಾಯ ಆಗ ಕಬಡ್ಡಿ ಕಬಡ್ಡಿ ಎನ್ನುತ್ತ ರೇಡಿಗೆ ಹೊರಟಿದ್ದ. ಆಟದ ನಡುವೆ ತಾಯಿ ಬಂದು ಮಗನ ರಟ್ಟೆ ಹಿಡಿದದ್ದನ್ನು ನೋಡಿ ಮೈದಾನಕ್ಕೆ ಮೈದಾನವೇ ನಕ್ಕಿತು. ಅಂಪೈರು ಸೀಟಿ ಊದಿದರು.

“ಬಿಡವ್ವಾ, ಮಂದಿ ನಗ್ತಾರ,” ಅಂದ ಅಂಬಾರಾಯ. ಮಾತು ತೊದಲಿತು. ಕೈ ಬಿಡಿಸಿಕೊಳ್ಳಲು ನೋಡಿದ, ಬಲಗೈ ಏಳಲಿಲ್ಲ. ಆಶ್ಚರ್ಯದಿಂದ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಮೊಣಕಾಲು ಮಡಚಿ ತಾಯಿಯ ಮೇಲೆ ಒರಗಿದ. ನಗು ನಿಂತಿತು.

ಕಂಪನಿಯ ಜೀಪಿನಲ್ಲಿ ನಮ್ಮ ಆಸ್ಪತ್ರೆಗೇ ತಂದೆವು. ದಾರಿಯುದ್ದಕ್ಕೂ ಅವನ ಉಸಿರು ಎಣಿಸುತ್ತ ಕೂತೆ, ಒಂದು ಉಸಿರು ತಡವಾದರೆ ನನ್ನದೂ ನಿಲ್ಲುತ್ತಿತ್ತು. ಅದೇ ದೊಡ್ಡ ಡಾಕ್ಟರು ತಲೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಮರುದಿನ ಹೊರಗೆ ಬಂದು, “ಬದುಕಿದ. ಬಲಗೈ ಏನಾಗುತ್ತದೋ ಹೇಳಲಾಗದು. ಆ ಎರಡನೆಯ ಪೆಟ್ಟು ಬೀಳಬಾರದಿತ್ತು” ಎಂದರು.

ಅವರಿಗೆ ಚೀಟಿಯ ವಿಷಯ ಹೇಳಿದೆ. ಅವರು ಕೂಗಾಡಲಿಲ್ಲ. ನನ್ನ ಪ್ರಾಜೆಕ್ಟ್ ರದ್ದಾಯಿತು, ಪರೀಕ್ಷೆ ಒಂದು ವರ್ಷ ಮುಂದೆ ಹೋಯಿತು. ಆ ಕೈಗೆ ವ್ಯಾಯಾಮ ಮಾಡಿಸುವ ಕೆಲಸವನ್ನು, ನಮ್ಮ ಟೀಚರ ಕಣ್ಣೆದುರಿಗೆ, ನನಗೇ ಹಚ್ಚಿದರು. ಮಾಡಿದ್ದುಣ್ಣೋ ಮಹಾರಾಯ. ಡೊಂಬಿವಲಿಯಲ್ಲಿ ಇಳಿದ ಮಾತನ್ನು ಮಾತ್ರ ಅವರಿಗೆ ಹೇಳಲಿಲ್ಲ. ಆಗ ಯಾರಿಗೂ ಹೇಳಲಿಲ್ಲ.

ಎಂಟನೆಯ ದಿನ ಸಾಬವ್ವ ವರಾಂಡದಲ್ಲಿ ನನ್ನ ಕಾಲು ಮುಟ್ಟಲು ಬಗ್ಗಿದಳು. “ನೀ ಬರಲಿಲ್ಲಂದ್ರ ನನ್ನ ಮಗ ಇರ್ತಿರಲಿಲ್ಲ ಯವ್ವಾ” ಅಂದಳು. ನನಗೆ ತಡೆಯಲಾಗಲಿಲ್ಲ. ಅವಳನ್ನು ಎತ್ತಿ ಬೆಂಚಿನ ಮೇಲೆ ಕೂರಿಸಿ, ಸೇತುವೆ ಹತ್ತಿದ್ದು, ರೈಲು ಬಿಟ್ಟದ್ದು, ಎಲ್ಲ ಹೇಳಿದೆ. ಹೇಳುವಾಗ ಅಳುತ್ತಿದ್ದೆ.

ಸಾಬವ್ವ ಅಳಲಿಲ್ಲ. ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ನಿನಗ ಹೇಳಿ ಹಗುರಾತು, ಹೌದಿಲ್ಲ?” ಅಂದಳು. “ಇದನ್ನ ಅಂವಗ ಹೇಳಬ್ಯಾಡ. ಮೈದಾನದಾಗ ನನಗ ಹೇಳಿದ್ದೂ ಹೇಳಬ್ಯಾಡ. ಡಾಕ್ಟರ್ ಬಾಯಿ ಹೇಳ್ಯಾಳ, ಕೈ ಎದ್ದೇ ಏಳ್ತದ ಅಂತ ಕುಂತಾನ ಅಂವ. ಆ ನಂಬಿಕಿ ಹೋದ್ರ ಬೆರಳ ಎತ್ತೂದೂ ಬಿಡ್ತಾನ. ಅಂವಗ ನೀ ಡಾಕ್ಟರೇ ಆಗಿರು.”

“ಎಷ್ಟು ದಿನ?”

“ಕೈ ಏಳೂತನಾ.”

ಏಳದಿದ್ದರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಣ್ಣೊರೆಸಿಕೊಂಡು ಏಪ್ರನ್ ಸರಿಮಾಡಿಕೊಂಡು ಒಳಗೆ ಹೋದೆ. ಅಂಬಾರಾಯ ಎಡಗೈಯಿಂದ ತನ್ನ ಬಲಗೈ ಎತ್ತಿ, ಹಾಸಿಗೆಯ ಮೇಲೆ ನನ್ನ ಮುಂದೆ ಇಟ್ಟ. ಹಣೆಯಲ್ಲಿ ಬೆವರು ಮೂಡುವಷ್ಟು ಹೊತ್ತು ಅದನ್ನೇ ದಿಟ್ಟಿಸಿದ.

“ಹೆಬ್ಬಟ್ಟು ಅಳ್ಳಾಡ್ತು ನೋಡ್ರಿ ಡಾಕ್ಟರ್ ಬಾಯಿ. ಅಳ್ಳಾಡ್ತಿಲ್ಲೋ?”

ನಾನು ಬಗ್ಗಿ ನೋಡಿದೆ. ಅಳ್ಳಾಡಿರಲಿಲ್ಲ. ಬಾಗಿಲಲ್ಲಿ ಸಾಬವ್ವ ನಿಂತು ನನ್ನನ್ನೇ ನೋಡುತ್ತಿದ್ದಳು.

“ಹೌದು, ಸ್ವಲ್ಪ ಅಳ್ಳಾಡಿತು” ಎಂದೆ.